ಹಿಡಿ ಒಂದು ಕಾಲದ್ದು, ಅಲಗು ಇನ್ನೊಂದು ಕಾಲದ್ದು

ಅಟ್ಟದ ಮೇಲಿನ ಪೆಟ್ಟಿಗೆಯಲ್ಲೋ ತಾತನ ಎಲೆಯಡಿಕೆ ಸಂಚಿಯಲ್ಲೋ ಮಡಚುವ ಚಾಕು ಸಿಕ್ಕಿತೆಂದರೆ ಯಾರೇ ಆಗಲಿ ಮೊದಲು ಅದನ್ನು ಬಿಚ್ಚಿ ಅಲಗನ್ನು ನೋಡುತ್ತಾರೆ. ಅಲಗಿನ ಮೇಲೆ ಹೆಸರಿದೆಯೇ, ಊರಿದೆಯೇ ಎಂದು ಹುಡುಕುತ್ತಾರೆ. ಏನೂ ಕಾಣದಿದ್ದರೆ ‘ಇದು ಲೋಕಲ್ ಮಾಲು’ ಎಂದು ಪಕ್ಕಕ್ಕಿಡುತ್ತಾರೆ. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಕಡೆ ಹೀಗೆ ತೀರ್ಮಾನಿಸಿದರೆ ಮೋಸಹೋಗುವ ಸಂಭವವೇ ಹೆಚ್ಚು. ಇಲ್ಲಿ ಅಲಗು ಸವೆದರೆ ಚಾಕು ಎಸೆಯುವ ರೂಢಿ ಇರಲಿಲ್ಲ. ಕುಲುಮೆಗೆ ಒಯ್ದು ಬೇರೆ ಅಲಗು ಹಾಕಿಸಿಕೊಂಡು ಬರುತ್ತಿದ್ದರು. ಹಾಗಾಗಿ ಒಂದೇ ಚಾಕುವಿನಲ್ಲಿ ಎರಡು ಊರು, ಎರಡು ಕಾಲ ಕೂಡಿಕೊಂಡಿರುತ್ತವೆ. ಅದರ ಗುರುತು ಹಿಡಿಯಬೇಕಾದರೆ ಹಿಡಿಯನ್ನು ಒಂದು ವಸ್ತುವಾಗಿಯೂ ಅಲಗನ್ನು ಇನ್ನೊಂದು ವಸ್ತುವಾಗಿಯೂ ಬೇರೆಬೇರೆಯಾಗಿ ಓದಬೇಕು.

ಮಲ್ಲಿಪಟ್ಟಣ ಇರುವ ಜಾಗವೇ ಇದಕ್ಕೆ ಹೇಳಿ ಮಾಡಿಸಿದ್ದು. ಒಂದು ಮಗ್ಗುಲಿಗೆ ಕೊಡ್ಲಿಪೇಟೆ, ಶನಿವಾರಸಂತೆಯ ಕೊಡಗು. ಇನ್ನೊಂದು ಮಗ್ಗುಲಿಗೆ ಸಕಲೇಶಪುರದ ಕಾಫಿ ತೋಟಗಳು. ಕೆಳಗಿಳಿದರೆ ಹೊಗೆಸೊಪ್ಪು, ಆಲೂಗಡ್ಡೆ ಬೆಳೆಯುವ ಅರಕಲಗೂಡು, ಹೊಳೆನರಸೀಪುರದ ಬಯಲು. ಅದನ್ನೂ ದಾಟಿದರೆ ಚನ್ನರಾಯಪಟ್ಟಣದ ತೆಂಗಿನ ಸೀಮೆ. ಚಾಕು ಬೇಡದ ಕಸುಬು ಈ ನಾಲ್ಕರಲ್ಲಿ ಒಂದೂ ಇಲ್ಲ. ಆಲೂಗಡ್ಡೆಯನ್ನೇ ನೋಡಿ. ಪಂಜಾಬಿನ ಜಲಂಧರ್ ಕಡೆಯಿಂದ ಹಾಸನದ ಮಾರುಕಟ್ಟೆಗೆ ಬಂದ ಬಿತ್ತನೆ ಗಡ್ಡೆಯನ್ನು ಮುಂಗಾರಿಗೆ ಮೊದಲು ಮನೆಮಂದಿಯೆಲ್ಲ ಕೂತು ಕೊಯ್ಯಬೇಕು. ಪ್ರತಿ ಹೋಳಿಗೂ ಒಂದೆರಡು ಕಣ್ಣು ಉಳಿಯುವಂತೆ ಕೊಯ್ಯಬೇಕು. ಆ ದಿನಗಳಲ್ಲಿ ಮನೆಯಲ್ಲಿರುವ ಚಾಕುಗಳೆಲ್ಲ, ದೇವರ ಮನೆಯ ಹಣ್ಣಿನ ಚಾಕುವೂ ಸೇರಿ, ಹೊರಗೆ ಬರುತ್ತವೆ. ಗಡ್ಡೆಯ ಮಣ್ಣು, ಮರಳು, ರಸ ಸೇರಿ ಅಲಗನ್ನು ತಿನ್ನುವಷ್ಟು ಇನ್ನಾವುದೂ ತಿನ್ನದು.

ಹಳೆ ಮಡಚುವ ಚಾಕುಗಳು ಈ ಸೀಮೆಗೆ ಬಂದದ್ದು ಮುಖ್ಯವಾಗಿ ಮೂರು ದಾರಿಯಲ್ಲಿ. ಮೊದಲನೆಯದು ಕಾಫಿ ತೋಟದ ದಾರಿ. ಸಕಲೇಶಪುರದ ಸುತ್ತಿನ ಮಂಜರಾಬಾದ್ ಸೀಮೆಯಲ್ಲಿ 1850ರ ದಶಕದಿಂದ ಇಂಗ್ಲಿಷ್ ತೋಟಗಾರರು ನೆಲೆನಿಂತರು. ಅವರಲ್ಲೊಬ್ಬ ರಾಬರ್ಟ್ ಎಲಿಯಟ್ ಮೈಸೂರು ಸೀಮೆಯ ಚಿನ್ನ, ಬೇಟೆ, ಕಾಫಿಯ ಬಗ್ಗೆ ಬರೆದ ಪುಸ್ತಕ 1894ರಲ್ಲಿ ಅಚ್ಚಾಯಿತು. ದೊರೆಗಳ ಜೊತೆ ಬಂದೂಕು, ಗಡಿಯಾರ, ಚಾಕುಗಳೂ ಬಂದವು. ಅವರು ಊರಿಗೆ ಹೊರಟಾಗ ರೈಟರಿಗೋ ಮೇಸ್ತ್ರಿಗೋ ಬಟ್ಲರಿಗೋ ಉಳಿದವು. ಕಾಫಿ ಗಿಡದ ರೆಂಬೆ ಸವರಲು ಬಳಸುತ್ತಿದ್ದ, ಗಿಣಿಮೂತಿಯಂತೆ ಮೊನೆ ಬಾಗಿದ ಮಡಚುವ ಚಾಕುವೂ ಇದೇ ದಾರಿಯದು. ಇಂಗ್ಲೆಂಡಿನ ಶೆಫೀಲ್ಡ್ ಊರಿನ ಸೇನರ್ ಕಂಪನಿ ಇಂಥ ತೋಟಗಾರಿಕೆ ಚಾಕುಗಳಿಗೆ ಹೆಸರಾಗಿತ್ತು.

ಎರಡನೆಯದು ಪಲ್ಟನ್ನಿನ ದಾರಿ. ಗಡಿಯಾಚೆ ಕೊಡಗಿನಲ್ಲಂತೂ ಮನೆಗೊಬ್ಬ ಸಿಪಾಯಿ. ಎರಡು ಮಹಾಯುದ್ಧಗಳಲ್ಲಿ ಬ್ರಿಟಿಷ್ ಸೈನ್ಯ ಹಂಚಿದ ಚಾಕುವಿಗೆ ಗಟ್ಟಿಯಾದ ಒಂದು ಅಲಗು, ಡಬ್ಬಿ ತೆರೆಯುವ ಕೊಂಡಿ, ಹಗ್ಗದ ಗಂಟು ಬಿಡಿಸುವ ದಪ್ಪ ದಬ್ಬಳ, ನೇತುಹಾಕಲು ಒಂದು ಬಳೆ. ಸರ್ಕಾರಿ ಸ್ವತ್ತು ಎನ್ನಲು ಮೂರು ಗೀರಿನ ಬಾಣದ ಗುರುತು. ತಯಾರಾದ ವರ್ಷವನ್ನೂ ಎಷ್ಟೋ ಚಾಕುಗಳ ಮೇಲೆ ಒತ್ತಿರುತ್ತಾರೆ. ಮೂರನೆಯದು ಜಾತ್ರೆಯ ದಾರಿ. ರಾಮನಾಥಪುರದ ಸುಬ್ರಹ್ಮಣ್ಯ ಷಷ್ಠಿ, ಹಿರೀಸಾವೆ ಕಡೆಯ ಬೂಕನಬೆಟ್ಟದ ದನಗಳ ಜಾತ್ರೆ ಇಂಥಲ್ಲಿ ನೆಲದ ಮೇಲೆ ಗೋಣಿತಾಟು ಹಾಸಿ ಗೆಜ್ಜೆ, ಹಗ್ಗ, ಮೂಗುದಾರದ ಪಕ್ಕದಲ್ಲೇ ಚಾಕು ಹರಡುತ್ತಿದ್ದರು. ಉತ್ತರದೇಶದ ರಾಂಪುರದ ಬಟನ್ ಚಾಕು ಹಳ್ಳಿ ಹುಡುಗರ ಕೈಗೆ ಸಿಕ್ಕಿದ್ದು ಹೀಗೆಯೇ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಗಡಿಭಾಗದಲ್ಲಿ ಹಳೆಯ ಚಾಕು ಯಾವುದು ಕಂಡರೂ ‘ಕೊಡಗಿನದು’ ಎಂದು ಬಿಡುತ್ತಾರೆ. ಕೊಡವರ ಪೀಚೆಕತ್ತಿ ಮಡಚುವುದಿಲ್ಲ. ಬೆಳ್ಳಿಯ ಕುಸುರಿಯಿದ್ದ ಒರೆಯಲ್ಲಿ ಕೂತು ಕುಪ್ಯವೆಂಬ ನಿಲುವಂಗಿಯ ಮೇಲೆ ಕಟ್ಟುವ ಚೇಲೆಗೆ ಸಿಕ್ಕಿಸಿಕೊಳ್ಳುವಂಥದ್ದು. ಬೆನ್ನಿಗೆ ತೂಗುವ ಒಡಿಕತ್ತಿಯಂತೂ ಬೇರೆಯೇ ಜಾತಿ. ಮಡಚುವ ಚಾಕು ಕೊಡಗಿನ ಮನೆಯಲ್ಲಿ ಸಿಕ್ಕಿದರೂ ಅದು ಹುಟ್ಟಿದ ಊರು ಬೇರೆ.

ಆ ಊರು ಹೆಚ್ಚಿನ ಸಲ ಇಂಗ್ಲೆಂಡಿನ ಶೆಫೀಲ್ಡ್. ಚಾಕು ಕತ್ತರಿ ಮಾಡುವವರ ಸಂಘಕ್ಕೆ ಪಾರ್ಲಿಮೆಂಟಿನ ಕಾಯ್ದೆಯೇ 1624ರಲ್ಲಿ ಬಂದ ಊರದು. ಅಲ್ಲಿ ಒಬ್ಬೊಬ್ಬ ಕಸುಬುದಾರನಿಗೂ ಒಂದೊಂದು ಮುದ್ರೆ. ನಮ್ಮಲ್ಲಿ ದನಕ್ಕೆ ಬರೆ ಹಾಕುತ್ತಿದ್ದಂತೆ ಅವರು ಅಲಗಿಗೆ ಮುದ್ರೆ ಒತ್ತುತ್ತಿದ್ದರು. ಜೋಸೆಫ್ ರಾಜರ್ಸ್ ಕಂಪನಿಯ ಮುದ್ರೆ ಒಂದು ನಕ್ಷತ್ರ, ಪಕ್ಕದಲ್ಲಿ ಒಂದು ಶಿಲುಬೆ. ಹಿಂದೂಸ್ತಾನದಲ್ಲಿ ಆ ಕಂಪನಿಯ ಹೆಸರು ಎಷ್ಟು ನಡೆಯುತ್ತಿತ್ತೆಂದರೆ ಒಳ್ಳೆಯ ಚಾಕು ಎಂಬುದಕ್ಕೆ ‘ರಾಜರ್ಸ್’ ಎಂದರೆ ಸಾಕಾಗಿತ್ತು. ತಮ್ಮ ಕೈಚಳಕ ತೋರಿಸಲು ಅವರು 1822ರಲ್ಲಿ 1,822 ಅಲಗುಗಳಿರುವ ಒಂದು ಚಾಕು ಮಾಡಿಟ್ಟಿದ್ದರು. ಕೊಯ್ಯಲು ಕೆಲಸಕ್ಕೆ ಬಾರದ, ನೋಡಲು ಮುಳ್ಳುಹಂದಿಯಂಥ ವಸ್ತು. ಆದರೆ ಮೂಗಿನ ಮೇಲೆ ಬೆರಳಿಡದೆ ನೋಡುವಂತಿಲ್ಲ.

ಈಗ ಒಂದು ಚಾಕುವನ್ನು ಹತ್ತಿರದಿಂದ ನೋಡೋಣ. ಮಲ್ಲಿಪಟ್ಟಣ ಹೋಬಳಿಯ ಒಂದು ಮನೆಯಲ್ಲಿ, ಹಳೆಯ ಲೆಕ್ಕದ ಕಡತಗಳ ಜೊತೆ ಇದ್ದದ್ದು. ಮಡಚಿದಾಗ ನಾಲ್ಕು ಬೆರಳಗಲಕ್ಕಿಂತ ತುಸು ಉದ್ದ. ಹಿಡಿಯ ಎರಡು ಕಡೆಯೂ ಕಪ್ಪು ಕೊಂಬಿನ ಪಟ್ಟೆ, ಹೆಬ್ಬೆರಳು ಕೂರುವ ಕಡೆ ಸವೆದು ನುಣ್ಣಗಾಗಿ ಒಳಗಿನ ಕಂದು ಎಳೆ ಕಾಣುತ್ತದೆ. ಒಂದು ಪಟ್ಟೆಯ ನಡುವೆ ಉಗುರಿನಷ್ಟು ದೊಡ್ಡ ಬಿಳಿ ಲೋಹದ ಬಿಲ್ಲೆ. ಪಟ್ಟೆಗಳ ಕೆಳಗೆ ಹಿತ್ತಾಳೆಯ ತಗಡು. ದೊಡ್ಡ ಅಲಗು ಒಂದು, ಎದುರು ತುದಿಯಿಂದ ತೆರೆಯುವ ಸಣ್ಣ ಅಲಗು ಒಂದು. ದೊಡ್ಡದರ ಮೇಲೆ ಎಲ್ಲೂ ಅಕ್ಷರವಿಲ್ಲ. ಅದರ ಬೆನ್ನು ಬುಡದಿಂದ ಮೊನೆಯವರೆಗೆ ಒಂದೇ ದಪ್ಪ, ಮೈಮೇಲೆ ಅರ ಉಜ್ಜಿದ ಅಡ್ಡಗೀರು. ಉಗುರು ಸಿಗಿಸಿ ತೆರೆಯಲು ಇರಬೇಕಾದ ಅರ್ಧಚಂದ್ರದ ಕುಳಿಯ ಜಾಗದಲ್ಲಿ ಅರದ ಅಂಚಿನಿಂದ ಕೊರೆದ ಒಂದು ನೇರ ಕಚ್ಚು.

ಅಷ್ಟಕ್ಕೇ ನಿಂತರೆ ಇದು ಯಾವುದೋ ಊರಿನ ಕುಲುಮೆ ಚಾಕು. ಸಣ್ಣ ಅಲಗನ್ನು ತೆರೆಯಿರಿ, ಕಥೆ ಬದಲಾಗುತ್ತದೆ. ಅಲಗು ಹಿಡಿಯೊಳಗೆ ಸೇರುವ ಚೌಕ ಬುಡದ ಮೇಲೆ, ಕಿಟ್ಟ ಕಟ್ಟಿದ್ದರೂ, ಒಂದು ಕಿರೀಟ, ಅದರ ಎಡಬಲಕ್ಕೆ ವಿ ಮತ್ತು ಆರ್ ಅಕ್ಷರ. ಕೆಳಗೆ ರಾಜರ್ಸ್ ಹೆಸರು. ವಿ ಎಂದರೆ ವಿಕ್ಟೋರಿಯಾ ರಾಣಿ. ಅವಳ ಆಳ್ವಿಕೆ 1837ರಿಂದ 1901. ಹಾಗಾದರೆ ಈ ಹಿಡಿಯ ವಯಸ್ಸು ನೂರಿಪ್ಪತ್ತು ವರ್ಷ ದಾಟಿದೆ. ಸಣ್ಣ ಅಲಗು ಉಳಿದದ್ದು ಏಕೆಂದರೆ ಅದಕ್ಕೆ ಕೆಲಸವೇ ಇರಲಿಲ್ಲ. ಲೇಖನಿಯ ಮೊನೆ ಹದಮಾಡಲು ಇಟ್ಟ ಅಲಗು ಅದು; ಉಕ್ಕಿನ ನಿಬ್ಬು ಬಂದ ಮೇಲೆ ಸೀಸದ ಕಡ್ಡಿ ಹೆರೆಯುವುದಕ್ಕೆ ಇಳಿಯಿತು. ಊರಿನ ಲೆಕ್ಕ ಬರೆಯುವ ಶಾನುಭೋಗಿಕೆಯೇ 1960ರ ದಶಕದಲ್ಲಿ ಹೋದ ಮೇಲೆ ಅದಕ್ಕೂ ರಜೆ. ದೊಡ್ಡ ಅಲಗು ಮಾತ್ರ ಕಬ್ಬು, ಹಗ್ಗ, ಮಾವಿನಕಾಯಿ, ಬಾಳೆಗೊನೆ ಎಂದು ದುಡಿಯುತ್ತಲೇ ಹೋಗಿ, ಮಸೆದೂ ಮಸೆದೂ ದಬ್ಬಳದಷ್ಟಾಗಿ, ಒಂದು ದಿನ ಕುಲುಮೆ ಸೇರಿತು.

ಹಾಗಾಗಿ ಎರಡು ಮೂರು ಅಲಗಿನ ಚಾಕು ಸಿಕ್ಕಿದರೆ ಎಲ್ಲಕ್ಕಿಂತ ಕಡಿಮೆ ದುಡಿದ ಅಲಗಿನ ಬುಡವನ್ನು ನೋಡುವುದು ಬುದ್ಧಿವಂತಿಕೆ. ಮಾಡಿದವನ ಹೆಸರು ಸಾಮಾನ್ಯವಾಗಿ ಹಿಡಿಯ ಮೇಲಿರುವುದಿಲ್ಲ, ಅಲಗಿನ ಬುಡದಲ್ಲಿರುತ್ತದೆ. ಒಂದೇ ಅಲಗಿದ್ದು, ಅದೂ ಬದಲಾಗಿದ್ದರೆ ಚಾಕು ತನ್ನ ಹೆಸರನ್ನೇ ಕಳೆದುಕೊಂಡಂತೆ. ಆಗ ಹಿಡಿಯ ಕೆಲಸ, ಬಿಲ್ಲೆಯ ಆಕಾರ, ಮೊಳೆಗಳ ಸಾಲು ಇವುಗಳಿಂದಲೇ ಅಂದಾಜು ಮಾಡಬೇಕು. ಅಂದಾಜು ಅಂದಾಜೇ.

ಮುದ್ರೆ ಓದುವುದಕ್ಕೂ ಸ್ವಲ್ಪ ಚರಿತ್ರೆ ಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಸೋಲಿಂಗೆನ್ ಊರಿನವರು ಅಗ್ಗದ ಚಾಕುಗಳಿಗೆ ಶೆಫೀಲ್ಡಿನ ಹೆಸರು ಒತ್ತಿ ಮಾರುತ್ತಿದ್ದಾರೆ ಎಂಬ ದೂರು ಜೋರಾಯಿತು. ಅದರ ಫಲವಾಗಿ ಬ್ರಿಟನ್ನಿನಲ್ಲಿ 1887ರಲ್ಲಿ ಸರಕು ಮುದ್ರೆಗಳ ಕಾಯ್ದೆ ಬಂತು. ಹಿಂದೂಸ್ತಾನಕ್ಕೂ 1889ರಲ್ಲಿ ಅಂಥದೇ ಒಂದು ಕಾಯ್ದೆ. ಹೊರದೇಶದ ಮಾಲಿನ ಮೇಲೆ ದೇಶದ ಹೆಸರು ಹಾಕುವ ರೂಢಿ ಬೆಳೆದದ್ದು ಆ ಹೊತ್ತಿನಿಂದ. ಅಮೆರಿಕದ ಸುಂಕದ ಕಾಯ್ದೆಯೂ 1890ರಲ್ಲಿ ಅದನ್ನೇ ಕೇಳಿತು. ಆದ್ದರಿಂದ ಬುಡದ ಮೇಲೆ ಊರಿನ ಹೆಸರಿನ ಜೊತೆ ‘ಇಂಗ್ಲೆಂಡ್’ ಎಂಬುದೂ ಇದ್ದರೆ ಅದು ಬಹುಮಟ್ಟಿಗೆ 1890ರ ಈಚಿನದು. ಮುದ್ರೆಯಲ್ಲಿ ರಾಣಿಯನ್ನು ಸೂಚಿಸುವ ‘ಹರ್ ಮೆಜೆಸ್ಟಿ’ ಎಂದಿದ್ದರೆ ವಿಕ್ಟೋರಿಯಾ ಕಾಲ, ಇಲ್ಲವೇ 1952ರ ಈಚೆಗಿನ ಎಲಿಜಬೆತ್ ಕಾಲ. ರಾಜನನ್ನು ಸೂಚಿಸುವ ‘ಹಿಸ್ ಮೆಜೆಸ್ಟಿ’ ಎಂದಿದ್ದರೆ ನಡುವಿನದು ಇರಬಹುದು, ವಿಕ್ಟೋರಿಯಾಗಿಂತ ಹಿಂದಿನದೂ ಇರಬಹುದು. ರಾಜರ್ಸ್ ಹೆಸರಿನಲ್ಲಿ ಒಂದು ಅಕ್ಷರ ಆಚೀಚೆಯಾಗಿದ್ದರೆ, ನಕ್ಷತ್ರವಿದ್ದು ಶಿಲುಬೆ ಇಲ್ಲದಿದ್ದರೆ, ಅನುಮಾನಪಡುವುದು ತಪ್ಪಲ್ಲ.

ಅಲಗಿನ ವಯಸ್ಸು ಹೇಳುವ ಇನ್ನೊಂದು ಗಟ್ಟಿ ಸಾಕ್ಷಿ ಸ್ಟೇನ್‌ಲೆಸ್ ಉಕ್ಕು. ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆಗೆ ಸವೆಯದ ಲೋಹ ಹುಡುಕುತ್ತಾ 1913ರ ಆಗಸ್ಟಿನಲ್ಲಿ ಕರಗಿಸಿದ ಉಕ್ಕಿನಲ್ಲಿ ಕ್ರೋಮಿಯಂ ಶೇ 12.8ರಷ್ಟಿತ್ತು. ಅದಕ್ಕೆ ತುಕ್ಕು ಹಿಡಿಯಲಿಲ್ಲ. ಆ ಉಕ್ಕು ಚಾಕುವಾದದ್ದು ಅದರ ಮರುವರ್ಷದಿಂದ. ಹೀಗಾಗಿ ವಿಕ್ಟೋರಿಯಾ ಕಾಲದ ಹಿಡಿಯಲ್ಲಿ ತುಕ್ಕಿಲ್ಲದೆ ಹೊಳೆಯುವ ಅಲಗು ಕೂತಿದ್ದರೆ ಮಾತೇ ಇಲ್ಲ, ಅದು ಆಮೇಲೆ ಬಂದ ಅಲಗು. ಅಯಸ್ಕಾಂತ ಹಿಡಿದು ನೋಡಿ ‘ಅಂಟಿತು, ಆದ್ದರಿಂದ ಸ್ಟೇನ್‌ಲೆಸ್ ಅಲ್ಲ’ ಎನ್ನುವವರಿದ್ದಾರೆ. ಅಡುಗೆಮನೆಯ ಲೋಟ, ತಟ್ಟೆಯ ಉಕ್ಕಿಗೆ ಆ ಲೆಕ್ಕ ಸರಿಹೋದೀತು. ಚಾಕುವಿನ ಸ್ಟೇನ್‌ಲೆಸ್ ಉಕ್ಕಿಗೆ ಅಯಸ್ಕಾಂತ ಚೆನ್ನಾಗಿಯೇ ಅಂಟುತ್ತದೆ. ಅದಕ್ಕಿಂತ ಹೆಂಗಸರ ಪರೀಕ್ಷೆ ಮೇಲು. ಒಂದು ಬಾಳೆಕಾಯಿಯನ್ನೋ ಮಾವಿನಕಾಯಿಯನ್ನೋ ಕೊಯ್ದು ಒರೆಸದೆ ಬಿಟ್ಟರೆ, ಹಳೆ ಉಕ್ಕಿನ ಅಲಗು ಸ್ವಲ್ಪ ಹೊತ್ತಿಗೇ ನೀಲಿಗಪ್ಪಾಗುತ್ತದೆ. ಹೋಳಿಗೂ ಕಬ್ಬಿಣದ ರುಚಿ ಹತ್ತುತ್ತದೆ.

ಅಲಗು ಬದಲಾಗಿದೆಯೇ ಎಂದು ಮುದ್ರೆ ಇಲ್ಲದೆಯೂ ಹೇಳಬಹುದು. ಅದಕ್ಕೆ ಚಾಕು ಹೇಗೆ ನಡೆಯುತ್ತದೆ ಎಂಬುದು ತಿಳಿದಿರಬೇಕು. ಮಡಚುವ ಚಾಕುವಿನ ಬೆನ್ನಿನುದ್ದಕ್ಕೂ ಒಂದು ಉಕ್ಕಿನ ಪಟ್ಟಿ ಇರುತ್ತದೆ, ಅದೇ ಸ್ಪ್ರಿಂಗು. ಅದರ ತುದಿ ಅಲಗಿನ ಬುಡವನ್ನು ಸದಾ ಒತ್ತುತ್ತಿರುತ್ತದೆ. ಬುಡಕ್ಕೆ ಚಪ್ಪಟೆ ಮಗ್ಗುಲುಗಳಿರುವುದರಿಂದ ಅಲಗು ಪೂರ್ತಿ ತೆರೆದಾಗ ಒಂದು ಮಗ್ಗುಲ ಮೇಲೆ, ಮುಚ್ಚಿದಾಗ ಇನ್ನೊಂದರ ಮೇಲೆ ಸ್ಪ್ರಿಂಗು ಕೂರುತ್ತದೆ. ‘ಟಕ್’ ಎಂಬ ಸದ್ದು ಬರುವುದು ಹೀಗೆ ಕೂತಾಗ. ಒಳ್ಳೆಯ ಕಾರ್ಖಾನೆಯಲ್ಲಿ ತೆರೆದರೂ ಮುಚ್ಚಿದರೂ ಸ್ಪ್ರಿಂಗಿನ ಬೆನ್ನು ಹಿಡಿಯ ಅಂಚಿಗೆ ಸರಿಸಮನಾಗಿ ಇರುವಂತೆ ಬುಡವನ್ನು ಕೂದಲೆಳೆಯಷ್ಟು ಲೆಕ್ಕದಲ್ಲಿ ಅರ ಹಾಕುತ್ತಿದ್ದರು. ಆಮೇಲೆ ಹಾಕಿದ ಅಲಗಿನಲ್ಲಿ ಈ ಲೆಕ್ಕ ತಪ್ಪಿರುತ್ತದೆ. ಬೆರಳ ತುದಿಯನ್ನು ಬೆನ್ನಿನ ಮೇಲೆ ಎಳೆದರೆ ಒಂದು ಕಡೆ ಉಬ್ಬು ಅಥವಾ ತಗ್ಗು ಸಿಗುತ್ತದೆ.

ಇನ್ನು ಮೊಳೆ. ಅಲಗು ತಿರುಗುವ ಮೊಳೆಯನ್ನು ಮೂಲದಲ್ಲಿ ಹಿಡಿಯ ತುದಿಯ ಲೋಹದ ಕಟ್ಟಿನದೇ ಬಣ್ಣದ ಲೋಹದಿಂದ ಮಾಡಿ, ಬಡಿದು, ಉಜ್ಜಿ, ಎಲ್ಲಿದೆ ಎಂದೇ ಕಾಣದಂತೆ ಮಾಡಿರುತ್ತಾರೆ. ಅಲಗು ಬದಲಿಸಬೇಕಾದರೆ ಆ ಮೊಳೆಯನ್ನು ಹೊಡೆದು ತೆಗೆಯಲೇಬೇಕು. ಹೊಸ ಮೊಳೆ ಎಷ್ಟೇ ಚೆನ್ನಾಗಿ ಕೂತರೂ ದುಂಡನೆಯ ಒಂದು ನೆರಳು, ಸುತ್ತ ಸುತ್ತಿಗೆಯ ಸಣ್ಣ ಗುಳಿಗಳು ಉಳಿಯುತ್ತವೆ. ಬಿಳಿ ಲೋಹದ ಕಟ್ಟಿನಲ್ಲಿ ಹಳದಿಯ ಹಿತ್ತಾಳೆ ಚುಕ್ಕೆ ಕಂಡರೆ ಕೇಳುವುದೇ ಬೇಡ. ಹಿಡಿ ಅಷ್ಟು ಸವೆದಿದ್ದು ಅಲಗು ಮಾತ್ರ ಮೈತುಂಬಿಕೊಂಡಿದ್ದರೆ ಅದೂ ಒಂದು ಗುರುತು. ಮಡಚಿದಾಗ ಮೊನೆ ಹಿಡಿಯಿಂದ ಹೊರಗೆ ಇಣುಕಿ ಜೇಬು ಹರಿಯುವಂತಿದ್ದರೆ ಅದು ಇನ್ನೊಂದು.

ಆದರೆ ಅಲಗು ಬದಲಾಗಿದೆ ಎಂದು ಹೇಳಿ ಮುಗಿಸುವವರ ಜೊತೆ ನನ್ನ ತಕರಾರಿದೆ. ಬದಲಾಗಿ ಬಂದದ್ದು ಯಾವುದು, ಯಾರು ಮಾಡಿದರು ಎಂಬುದೂ ಅಷ್ಟೇ ಮುಖ್ಯವಾದ ಪ್ರಶ್ನೆ. ಸಂಗ್ರಹಕಾರರ ಪುಸ್ತಕಗಳಲ್ಲಿ ಅದಕ್ಕೆ ಜಾಗವಿಲ್ಲ; ಅವರಿಗೆ ಬದಲಿ ಅಲಗು ಎಂದರೆ ಬೆಲೆ ಇಳಿಸುವ ಊನ. ನಮ್ಮ ಕುಲುಮೆಯ ಆಚಾರ್ರು ಮಾಡಿದ ಅಲಗನ್ನು ಶೆಫೀಲ್ಡಿನ ಅಲಗಿನಷ್ಟೇ ಆಸ್ಥೆಯಿಂದ ಓದಬೇಕು, ಓದಲೂ ಬಹುದು.

ಅಲಗಿಗೆ ಉಕ್ಕು ಎಲ್ಲಿಂದ ಬರುತ್ತಿತ್ತು? ಅಂಗಡಿಯಿಂದಲ್ಲ, ಗುಜರಿಯಿಂದ. ಹಳೆಯ ಅರ, ಗರಗಸದ ಅಲಗು, ಲಾರಿಯ ಪ್ಲೇಟು, ಮುರಿದ ಕುಡುಗೋಲು. ಒಂದೊಂದೂ ತನ್ನ ಗುರುತನ್ನು ಬಿಟ್ಟಿರುತ್ತದೆ. ಅರದಿಂದ ಮಾಡಿದ ಅಲಗಿನಲ್ಲಿ ಎಷ್ಟು ಬಡಿದು ಉಜ್ಜಿದರೂ ಬುಡದ ಹತ್ತಿರ ಜಾಲರಿಯಂಥ ಗೀರಿನ ನೆರಳು ಉಳಿಯುತ್ತದೆ. ಬಿಸಿಲಿಗೆ ಓರೆ ಹಿಡಿದರೆ ಕಾಣುತ್ತದೆ. ಅದರಲ್ಲಿ ಇಂಗಾಲ ಹೆಚ್ಚು, ಬಾಯಿ ಬಹಳ ದಿನ ನಿಲ್ಲುತ್ತದೆ. ಕೆಳಗೆ ಬಿದ್ದರೆ ಮೊನೆ ಚಟ್ಟೆಂದು ಮುರಿಯಲೂ ಬಹುದು. ಗರಗಸದ್ದು ತೆಳ್ಳಗೆ, ಒಂದೇ ದಪ್ಪ, ಬಳುಕುತ್ತದೆ. ಲಾರಿ ಪ್ಲೇಟಿನ ಅಲಗು ದಪ್ಪ ಬೆನ್ನಿನದು, ಒರಟು, ಬಾಯಿ ಬೇಗ ಹೋದರೂ ಬೇಗ ಮಸೆಯಬಹುದು, ಮುರಿಯುವ ಮಾತಿಲ್ಲ. ಮೋಟಾರು ಗಾಡಿ ಈ ಕಡೆ ಓಡಾಡಲು ಶುರುವಾದ ಮೇಲೆ ಮಾತ್ರ ಸಿಗುವ ಉಕ್ಕು ಅದು. ಅದೂ ಒಂದು ಕಾಲದ ಲೆಕ್ಕವೇ.

ಕುಲುಮೆಯ ಕೆಲಸವನ್ನು ನೋಡಿದವರಿಗೆ ಗೊತ್ತು, ಮಚ್ಚು ತಟ್ಟುವುದಕ್ಕೂ ಮಡಚುವ ಚಾಕುವಿಗೆ ಅಲಗು ಕೂರಿಸುವುದಕ್ಕೂ ಅಜಗಜಾಂತರ. ಮಚ್ಚು, ಕುಡುಗೋಲು ಆಚಾರ್ರಿಗೆ ಕಣ್ಣುಮುಚ್ಚಿ ಮಾಡುವ ಕೆಲಸ. ಚಾಕು ತಂದುಕೊಟ್ಟರೆ ತಿರುಗಿಸಿ ನೋಡಿ, ‘ಗೌಡ್ರೆ, ಹಿಡಿ ಚೆನ್ನಾಗೈತೆ, ಇದ್ನ ಕೆಡಿಸ್ಬಾರ್ದು. ಇವತ್ತಾಗಲ್ಲ, ಇಟ್ಟು ಹೋಗಿ’ ಎನ್ನುತ್ತಾರೆ. ಇಟ್ಟು ಹೋಗಬೇಕಾದದ್ದೇ. ಮೊದಲು ಮೊಳೆಯ ತಲೆ ಉಜ್ಜಿ, ತೆಳು ಮುಳ್ಳಿನಿಂದ ಹೊಡೆದು ತೆಗೆಯಬೇಕು. ಹೊರಬಂದ ಹಳೆ ಅಲಗಿನ ಬುಡವೇ ಹೊಸದಕ್ಕೆ ಅಚ್ಚು. ಉಕ್ಕನ್ನು ಕೆಂಪಗೆ ಕಾಸಿ ಬೂದಿಯಲ್ಲಿ ಹೂತು ನಿಧಾನವಾಗಿ ಆರಲು ಬಿಟ್ಟರೆ ಮೆತ್ತಗಾಗುತ್ತದೆ. ಆಮೇಲೆ ಹಳೆ ಬುಡವನ್ನು ಅದರ ಮೇಲಿಟ್ಟು ಗೀರು ಹಾಕಿ, ಕತ್ತರಿಸಿ, ತೂತು ಕೊರೆದು, ಅರ ಹಾಕುವುದು. ಹಿಡಿಯೊಳಗೆ ಸೇರಿಸಿ ಮಡಚಿ ನೋಡುವುದು, ತೆಗೆದು ಇನ್ನೊಂದಿಷ್ಟು ಉಜ್ಜುವುದು, ಮತ್ತೆ ಸೇರಿಸುವುದು. ಒಂದು ಎಳೆ ಹೆಚ್ಚು ಉಜ್ಜಿದರೆ ಅಲಗು ಗಡಗಡ ಅಲ್ಲಾಡುತ್ತದೆ, ಮೊದಲಿಂದ ಮಾಡಬೇಕು.

ಆಮೇಲೆ ಹದ ಕೊಡುವುದು. ಇದ್ದಿಲ ಬೆಂಕಿಯಲ್ಲಿ ಅಲಗು ಎಣ್ಣೂರು ಡಿಗ್ರಿಯ ಹತ್ತಿರ ಕಾದಾಗ ಅದಕ್ಕೆ ಅಯಸ್ಕಾಂತ ಹಿಡಿಯುವುದಿಲ್ಲ. ಆಚಾರ್ರಿಗೆ ಅಯಸ್ಕಾಂತ ಬೇಡ, ಬಣ್ಣ ಸಾಕು. ಅದಕ್ಕೇ ಕುಲುಮೆಯ ಒಳಗೆ ಕತ್ತಲಿರಬೇಕು. ಬಿಸಿಲಲ್ಲಿ ಕೆಂಪಿನ ಹದ ಕಣ್ಣಿಗೆ ಸಿಗುವುದಿಲ್ಲ. ಕಾದ ಅಲಗನ್ನು ಎಣ್ಣೆಗೆ ಅದ್ದಿದರೆ ಗಾಜಿನಂತೆ ಗಡುಸಾಗುತ್ತದೆ. ಗಾಜಿನಂತೆ ಒಡೆಯಲೂ ಬಹುದು. ಆ ಗಡಸನ್ನು ಸ್ವಲ್ಪ ಇಳಿಸಬೇಕು. ಉಜ್ಜಿ ಬೆಳ್ಳಗೆ ಮಾಡಿದ ಅಲಗನ್ನು ಕಾದ ಕಬ್ಬಿಣದ ತುಂಡಿನ ಮೇಲೆ ಬೆನ್ನಿನ ಕಡೆಯಿಂದ ಹಿಡಿದರೆ ಬಣ್ಣಗಳು ಮೆಲ್ಲಗೆ ಹರಿದು ಬರುತ್ತವೆ. ಮೊದಲು ಒಣಹುಲ್ಲಿನ ಹಳದಿ, ಅದು ಸುಮಾರು 220 ಡಿಗ್ರಿ. ಆಮೇಲೆ ಕಂದು, ನೇರಳೆ. 300ರ ಸುಮಾರಿಗೆ ನೀಲಿ. ಬಾಯಿಯ ಅಂಚಿಗೆ ಹುಲ್ಲಿನ ಬಣ್ಣ ಮುಟ್ಟಿದ ಗಳಿಗೆಯಲ್ಲಿ ಅದ್ದಿದರೆ ಬಾಯಿ ಗಟ್ಟಿ, ಬೆನ್ನು ನೀಲಿಗೆ ಹೋಗಿ ಮೆದು. ಹಳೆಯ ಅಲಗೊಂದರ ಬುಡದಲ್ಲಿ, ಹಿಡಿಯ ಮರೆಯಲ್ಲಿ ಉಜ್ಜಲು ಸಿಗದ ಕಡೆ, ಈ ನೀಲಿ ನೇರಳೆಯ ಕಲೆ ಇನ್ನೂ ಉಳಿದಿದ್ದರೆ ಅದು ಕುಲುಮೆಯ ಸಹಿ ಎಂದೇ ನಾನು ತಿಳಿಯುತ್ತೇನೆ.

ಮೊಳೆ ಬಡಿಯುವಾಗ ಒಂದು ಉಪಾಯವಿದೆ. ಅಲಗಿಗೂ ಹಿತ್ತಾಳೆ ತಗಡಿಗೂ ನಡುವೆ ಎಣ್ಣೆ ಸವರಿದ ಕಾಗದದ ಚೂರು ಇಟ್ಟು ಬಡಿಯುತ್ತಾರೆ. ಬಡಿದಾದ ಮೇಲೆ ಕಾಗದವನ್ನು ಹರಿದು ತೆಗೆದರೆ ಅಲಗು ಆಡಲು ಬೇಕಾದಷ್ಟೇ ಸಂದು ಉಳಿಯುತ್ತದೆ. ಬಿಗಿಯಾಗಿ ಬಡಿದ ಚಾಕುವನ್ನು ತೆರೆಯಲು ಹೋಗಿ ಉಗುರು ಕಿತ್ತುಕೊಂಡವರಿಗೆ ಈ ಕಾಗದದ ಬೆಲೆ ಗೊತ್ತು.

ಇಷ್ಟು ಸೂಕ್ಷ್ಮದ ಕೆಲಸಕ್ಕೆ ಇಂದು ಗಿರಾಕಿ ಇಲ್ಲ. ಸಂತೆಯಲ್ಲಿ ಪ್ಲಾಸ್ಟಿಕ್ ಹಿಡಿಯ ಸ್ಟೇನ್‌ಲೆಸ್ ಚಾಕು ಟೀ ದುಡ್ಡಿಗೆ ಸಿಗುತ್ತದೆ. ಚಾಕುವಿನ ಬೆಲೆಗಿಂತ ಅಲಗು ಹಾಕಿಸುವ ಕೂಲಿ ಹೆಚ್ಚಾದರೆ ಯಾರು ಹಾಕಿಸುತ್ತಾರೆ? ಕೇಂದ್ರ ಸರ್ಕಾರದ ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರಿನಲ್ಲಿ ಶುರುವಾಯಿತು. ಅದರ ಹದಿನೆಂಟು ಕಸುಬುಗಳ ಪಟ್ಟಿಯಲ್ಲಿ ಕಮ್ಮಾರಿಕೆಯೂ ಇದೆ. ತರಬೇತಿ, 15,000 ರೂಪಾಯಿವರೆಗಿನ ಸಲಕರಣೆ ನೆರವು, ಶೇ 5ರ ಬಡ್ಡಿಗೆ ಸಾಲ ಎಲ್ಲ ಇದೆ. ಕುಲುಮೆ ಉಳಿದರೂ ಅದರಲ್ಲಿ ಈ ಒಂದು ಕೆಲಸ ಉಳಿಯುವುದು ಗಿರಾಕಿಯ ಕೈಯಲ್ಲೇ ಇದೆ.

ಮಡಚುವ ಚಾಕು ಹೋದರೂ ಅದರ ದೊಡ್ಡಮ್ಮ ಇನ್ನೂ ಅಡುಗೆಮನೆಯಲ್ಲಿದ್ದಾಳೆ. ಈಳಿಗೆಮಣೆಯ ಮಾತು ಹೇಳುತ್ತಿದ್ದೇನೆ. ಕೆಲಸ ಮುಗಿದ ಮೇಲೆ ಅಲಗನ್ನು ಮಣೆಯ ಮೇಲೆ ಮಲಗಿಸುವ ಈಳಿಗೆ ಎಂದರೆ ಕಾಲಲ್ಲಿ ಹಿಡಿದುಕೊಳ್ಳುವ ಮಡಚುವ ಚಾಕುವೇ ತಾನೆ? ಹಲಸಿನ ಮಣೆ ಮೂರು ತಲೆಮಾರು ಬಾಳುತ್ತದೆ, ಅಲಗು ಬಾಳುವುದಿಲ್ಲ. ಹಾಗಾಗಿ ಇದರಲ್ಲೂ ಅದೇ ಓದು. ಮಣೆಯನ್ನು ತಿರುವಿ ಹಾಕಿ. ಅಲಗು ಹಿಡಿದ ಕಬ್ಬಿಣದ ಕಟ್ಟಿನ ಪಕ್ಕದಲ್ಲಿ ಬಳಕೆಯಿಲ್ಲದ ಹಳೆ ಮೊಳೆತೂತುಗಳು, ಅವಕ್ಕೆ ತುಂಬಿದ ಮರದ ಬಿರಟೆ ಕಂಡರೆ ಅಲಗು ಬದಲಾದದ್ದು ಖಚಿತ. ಮಲಗಿಸಿದಾಗ ಅಲಗು ಮಣೆಯ ಮೇಲೆ ಕೆತ್ತಿದ ಹಳೆ ಗೀರಿಗೂ ಈಗಿನ ಅಲಗಿನ ಬಾಗಿಗೂ ತಾಳೆಯಾಗದಿದ್ದರೆ ಹಿಂದಿನ ಅಲಗು ಎಷ್ಟು ಉದ್ದವಿತ್ತು ಎಂಬುದನ್ನೂ ಹೇಳಬಹುದು. ಚಾಕುವಿನ ಬಗ್ಗೆ ಮಾತನಾಡುವ ಗಂಡಸರು ಈಳಿಗೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕುಲುಮೆಗೆ ವರ್ಷವಿಡೀ ಕೆಲಸ ಕೊಟ್ಟದ್ದರಲ್ಲಿ ಅದರ ಪಾಲು ದೊಡ್ಡದು.

ಮಾರಾಟದ ವಿಷಯಕ್ಕೆ ಬಂದರೆ ಎಚ್ಚರ ಬೇಕು. ಬೆಂಗಳೂರಿನ ಸಂಡೆ ಬಜಾರಿನಂಥ ಕಡೆ ಹಳೆ ಹಿಡಿಗೆ ಬೇರೆಲ್ಲಿಂದಲೋ ತಂದ ಮುದ್ರೆಯ ಅಲಗು ಕೂರಿಸಿ ಮಾರುವುದು ಕಷ್ಟದ ಕೆಲಸವೇನಲ್ಲ. ಹಳ್ಳಿಯ ಬದಲಿ ಅಲಗು ತನ್ನನ್ನು ಮುಚ್ಚಿಡುವುದಿಲ್ಲ. ಮುಚ್ಚಿಟ್ಟದ್ದು ಕಂಡರೆ ಅದು ಬಜಾರಿನ ಕೈವಾಡ. ಹಿಡಿಗೆ ಹೊಸ ಹೊಳಪು ಕೊಟ್ಟು, ಮೊಳೆಯ ಸುತ್ತ ಮಾತ್ರ ಅತಿಯಾಗಿ ಉಜ್ಜಿದ್ದರೆ ಏಕೆ ಎಂದು ಕೇಳಿ. ರಾಂಪುರದ ಬಟನ್ ಚಾಕುವಿನ ವಿಷಯದಲ್ಲಿ ಅಲಗಿನ ಉದ್ದವೂ ಒಂದು ಸುಳಿವು. ಉತ್ತರ ಪ್ರದೇಶ ಸರ್ಕಾರ 1990ರ ದಶಕದಲ್ಲಿ ನಾಲ್ಕೂವರೆ ಇಂಚಿಗಿಂತ ಉದ್ದದ ಅಲಗು ಮಾಡುವುದನ್ನು ನಿಷೇಧಿಸಿದ ಮೇಲೆ ಅಲ್ಲಿನ ಕಸುಬೇ ಕುಗ್ಗಿತು.

ಹಿಡಿ ದಂತದ್ದೆಂಬ ಅನುಮಾನವಿದ್ದರೆ ಮಾರುವ, ಕೊಳ್ಳುವ ಯೋಚನೆಯನ್ನೇ ಬಿಡಿ. ಭಾರತದ ಆನೆಯ ದಂತದ ವ್ಯಾಪಾರ 1986ರಲ್ಲಿ, ಆಫ್ರಿಕದ್ದು 1991ರಲ್ಲಿ ನಿಂತಿದೆ. ಕಡವೆ ಕೊಂಬಿನ ಹಿಡಿಗೂ ವನ್ಯಜೀವಿ ಕಾಯ್ದೆ ಅಡ್ಡಬರುತ್ತದೆ. ಶೆಫೀಲ್ಡಿನವರು ಚಾಕುವಿನ ಹಿಡಿಗೆ ಬಳಸುತ್ತಿದ್ದ ಒಳ್ಳೆಯ ಕೊಂಬು ಹೋಗುತ್ತಿದ್ದದ್ದು ನಮ್ಮ ದೇಶದ ಕಡವೆಗಳಿಂದಲೇ ಎಂಬುದು ಬೇರೆ ಮಾತು. ಇಲ್ಲಿಂದ ಹಡಗು ಹತ್ತಿದ ಕೊಂಬು ಅಲ್ಲಿ ಹಿಡಿಯಾಗಿ ಮತ್ತೆ ಇಲ್ಲಿಗೇ ಬಂದು, ಇಲ್ಲಿ ಹೊಸ ಅಲಗು ಹಾಕಿಸಿಕೊಂಡ ಚಾಕುಗಳೂ ಇದ್ದಾವು.

ಮನೆಯಲ್ಲಿ ಇಂಥದೊಂದು ಚಾಕು ಇದ್ದರೆ ಮಾಡಬೇಕಾದದ್ದು ಹೆಚ್ಚೇನಿಲ್ಲ. ಮರಳು ಕಾಗದ ಹಾಕಿ ಉಜ್ಜಬೇಡಿ. ಬುಡದ ಮುದ್ರೆ ಹೋಗುವುದು ಹೀಗೆಯೇ. ಒಂದು ತೊಟ್ಟು ಎಣ್ಣೆ ಬಿಟ್ಟು ಒಂದು ರಾತ್ರಿ ಇಟ್ಟು, ಬಿದಿರ ಕಡ್ಡಿಯಿಂದ ಸಂದಿಯ ಕಿಟ್ಟ ತೆಗೆದು, ಓರೆ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ಎಲ್ಲ ಅಲಗುಗಳ ಬುಡವನ್ನೂ ಎರಡೂ ಮಗ್ಗುಲಿಗೆ ಓದಿ. ಅಲಗು ಹಾಕಿಸಲೇಬೇಕಾಗಿ ಬಂದರೆ, ಕಳಚಿದ ಹಳೆ ಅಲಗನ್ನು ಎಷ್ಟೇ ಸವೆದಿರಲಿ ಆಚಾರ್ರ ಹತ್ತಿರ ಕೇಳಿ ವಾಪಸು ತನ್ನಿ. ಅದನ್ನು ಗುಜರಿಗೆ ಬಿಟ್ಟರೆ ಚಾಕುವಿನ ಹೆಸರು, ಊರು ಎಲ್ಲ ಅದರ ಜೊತೆಗೇ ಹೋಗುತ್ತದೆ. ಬೆಂಕಿಪೊಟ್ಟಣದಲ್ಲಿ ಹಾಕಿ, ಯಾವ ಕುಲುಮೆಯಲ್ಲಿ, ಯಾವ ವರ್ಷ, ಯಾವ ಉಕ್ಕಿನಿಂದ ಹೊಸದು ಹಾಕಿಸಿದ್ದು ಎಂದು ಒಂದು ಚೀಟಿ ಬರೆದು ಚಾಕುವಿನ ಜೊತೆ ಇಡಿ.